ನಾಲ್ಕು ಬೆರಳು ನೀರು

ನಮ್ಮೂರಿನ ಹೊಳೆ ವರ್ಷಕ್ಕೊಮ್ಮೆ, ಆಶ್ಲೇಷಾ ಮಳೆಯಲ್ಲಿ, ಊರೊಳಗೆ ಬರುತ್ತದೆ. ಬಂದರೆ ಐದು ದಿನ ಇದ್ದು ಹೋಗುತ್ತದೆ. ಬೀದಿಯಲ್ಲಿ ಎಲ್ಲರಿಗೂ ಒಂದೇ ನೀರು, ಮೊಣಕಾಲಿನವರೆಗೆ. ಹೊಸ್ತಿಲು ದಾಟಿದ ಮೇಲೆ ಮಾತ್ರ ಬೇರೆ. ಹೇಳಬೇಕಾದವರಿಗೆ ಹೇಳದೆ ಬಚ್ಚಿಟ್ಟುಕೊಂಡ ಮಾತು ಯಾವ ಮನೆಯಲ್ಲಿ ಎಷ್ಟಿದೆಯೋ ಆ ಮನೆಯಲ್ಲಿ ನೀರು ಅಷ್ಟು ಏರುತ್ತದೆ. ಒಂದೇ ಗೋಡೆಯ ಈಚೆ ಅಣ್ಣನ ಮನೆಯಲ್ಲಿ ಪಾದ ತೋಯುವಷ್ಟು, ಆಚೆ ತಮ್ಮನ ಮನೆಯಲ್ಲಿ ಸೊಂಟದವರೆಗೆ. ಹೊರಗಿನಿಂದ ಬಂದವರಿಗೆ ಇದು ಸೋಜಿಗ. ನಮಗೆ ಮಳೆಗಾಲ, ಅಷ್ಟೆ.

ಅದಕ್ಕೇ ಆಶ್ಲೇಷಾ ಹುಟ್ಟುವ ಹಿಂದಿನ ವಾರವನ್ನು ನಾವು ಹಗುರ ವಾರ ಅನ್ನುತ್ತೇವೆ. ಆ ವಾರ ಊರಿನವರೆಲ್ಲ ಮನೆಮನೆಗೆ ಹೋಗಿ, ಒಳಗೆ ಇಟ್ಟುಕೊಂಡದ್ದನ್ನು ಹೇಳಿ ಬರುತ್ತಾರೆ. "ನಿಮ್ಮ ಕರೀ ಕೋಳಿನ ನರಿ ಒಯ್ದಿದ್ದಲ್ಲವ್ವಾ, ನಾವ ತಿಂದ್ವಿ." "ನಿಮ್ಮ ಮಗಳಿಗೆ ಬಂದಿದ್ದ ವರಾನ ನಾನ ತಪ್ಪಿಸಿದೆ, ಅವ ಕುಡೀತಾನ ಅಂತ ನನಗ ಗೊತ್ತಿತ್ತು." ಕೇಳಿದವರು ಆ ವಾರ ಸಿಟ್ಟಾಗುವಂತಿಲ್ಲ. ಹೇಳಿದವರ ಬಾಯಿಗೆ ಒಂದು ಚೂರು ಬೆಲ್ಲ ಹಾಕಬೇಕು. ಬಯ್ಯುವುದಿದ್ದರೆ ನೀರು ಇಳಿದ ಮೇಲೆ ಬಯ್ಯಬಹುದು, ಆದರೆ ಅಷ್ಟು ಹೊತ್ತಿಗೆ ಎಲ್ಲರಿಗೂ ಕೆಸರು ಬಳಿದು ಹೊರಹಾಕುವ ಕೆಲಸ ಇರುತ್ತದೆ, ಯಾರಿಗೂ ಪುರಸೊತ್ತು ಆಗುವುದಿಲ್ಲ.

ಈಚಿನ ಇಪ್ಪತ್ತು ವರ್ಷ ಎಷ್ಟು ಹೇಳಿಕೊಂಡರೂ ಊರಿನ ಯಾವ ಮನೆಯ ನೆಲವೂ ಪೂರ್ತಿ ಒಣಗಿರುತ್ತಿರಲಿಲ್ಲ. ನಾಲ್ಕು ಬೆರಳು ನೀರು ನಿಂತೇ ನಿಲ್ಲುತ್ತಿತ್ತು. ಅದು ಹೊಳೆಯ ಪಾಲು, ಕೊಡಲೇಬೇಕು ಎಂದು ಯಾರನ್ನು ಕೇಳಿದರೂ ನನಗೆ ಹೇಳುತ್ತಿದ್ದರು. ಇಡೀ ಊರಿನಲ್ಲಿ ಬೂದಿ ಹರವಿದರೂ ತೋಯದಂಥ ನೆಲವಿದ್ದದ್ದು ಒಂದೇ ಮನೆಯಲ್ಲಿ, ಅದು ನನ್ನ ಮನೆ. ಈ ವಿಷಯದಲ್ಲಿ ನನಗೆ ಸ್ವಲ್ಪ ಗರ್ವ ಇತ್ತು. ಸುಳ್ಳು ಯಾಕೆ ಹೇಳಲಿ, ಬಹಳ ಇತ್ತು. ನೆರೆಯ ದಿನಗಳಲ್ಲಿ ಬಾಗಿಲು ಪೂರ್ತಿ ತೆರೆದಿಟ್ಟು, ಬೀದಿಯಲ್ಲಿ ಹೋಗುವವರಿಗೆಲ್ಲ ಕಾಣುವ ಹಾಗೆ ನೆಲದ ಮೇಲೆ ಚಾಪೆ ಹಾಸಿ ಕೂಡುತ್ತಿದ್ದೆ.

ನನ್ನ ಹೆಸರು ದುಂಡಪ್ಪ. ಹಿಟ್ಟಿನ ಗಿರಣಿ ಇಟ್ಟಿದ್ದೇನೆ. ಹೆಂಡತಿ ಇಂದ್ರವ್ವ ತೀರಿಕೊಂಡು ಇಪ್ಪತ್ತೊಂದು ವರ್ಷವಾಯಿತು, ಮಕ್ಕಳಿಲ್ಲ. ಶನಿವಾರ ಶನಿವಾರ ಹನುಮಪ್ಪನ ಗುಡಿಯಲ್ಲಿ ಭಜನೆ ಇರುತ್ತದೆ. ಇಪ್ಪತ್ತು ವರ್ಷ ಆ ಭಜನೆಗೆ ಮುಂದಾಳು ನಾನೇ. ನಾನು ದನಿ ಎತ್ತಿದರೆ ಗುಡಿಯ ಪಾರಿವಾಳಗಳು ಎದ್ದು ಹೋಗುತ್ತಿದ್ದವು. ಮೇಲಿನ ಸ್ಥಾಯಿ ಹಿಡಿದಾಗ ಜನ ಕಣ್ಣು ಮುಚ್ಚಿ, ತುಟಿ ಕಚ್ಚಿ, ತಲೆ ತಗ್ಗಿಸುತ್ತಿದ್ದರು. ಭಕ್ತಿ ಅಂದರೆ ಹೀಗಿರಬೇಕು ಎಂದುಕೊಳ್ಳುತ್ತಿದ್ದೆ. ಇದನ್ನು ಈಗಲೇ ಹೇಳಿಡುತ್ತೇನೆ, ಮುಂದೆ ಬೇಕಾಗುತ್ತದೆ.

ಗಿರಣಿಯ ಎದುರು ಮನೆ ಸಕ್ಕರೆವ್ವನದು. ಅವಳೂ ಒಂಟಿ. ಗಂಡ ಲಾರಿಯಲ್ಲಿ ಕೆಲಸ ಮಾಡುತ್ತಿದ್ದವನು ಮದುವೆಯಾದ ಮೂರನೆಯ ವರ್ಷಕ್ಕೇ ತೀರಿಹೋದ. ಅವಳು ಜೋಳದ ರೊಟ್ಟಿ ಬಡಿದು ಖಾನಾವಳಿಗೂ ಹುಡುಗಿಯರ ಹಾಸ್ಟೆಲಿಗೂ ಕೊಟ್ಟು ಬದುಕಿದವಳು. ಬೆಳಿಗ್ಗೆ ಆರಕ್ಕೆ ಅವಳ ಮನೆಯಿಂದ ರೊಟ್ಟಿ ಬಡಿಯುವ ಸದ್ದು ಶುರುವಾದರೆ ನಾನು ಎದ್ದು ಗಿರಣಿ ತೆರೆಯುತ್ತೇನೆ, ಗಡಿಯಾರ ನೋಡುವುದಿಲ್ಲ. ಒಳ್ಳೆಯ ಹೆಂಗಸು, ಆದರೆ ಬಾಯಲ್ಲಿ ಏನೂ ನಿಲ್ಲುವುದಿಲ್ಲ. ಅವಳಿಗೆ ಹಗುರ ವಾರ ವರ್ಷಪೂರ್ತಿ. ಗಿರಣಿಯ ಗದ್ದಲದಲ್ಲಿ ಕಿವಿಯ ಹತ್ತಿರ ಬಾಯಿ ತಂದು ಹೇಳಿದ್ದನ್ನೂ, ಅದೇ ಗದ್ದಲದಲ್ಲಿ ಹಿಂದೆ ನಿಂತವರಿಗೆಲ್ಲ ಕೇಳುವ ಹಾಗೆ ಕೂಗಿ ಹೇಳಿಬಿಡುವಳು. ಅವಳು ಹೇಳದೆ ಬಿಟ್ಟ ಸಂಗತಿ ಈ ಊರಿನಲ್ಲಿ ಒಂದಾದರೂ ಇದೆಯೆಂದರೆ ಯಾರೂ ನಂಬುತ್ತಿರಲಿಲ್ಲ. ಅವಳ ಮನೆಯಲ್ಲೂ ಪ್ರತಿ ವರ್ಷ ನಾಲ್ಕು ಬೆರಳೇ, ಕೂದಲೆಳೆಯಷ್ಟೂ ಹೆಚ್ಚಿಲ್ಲ.

ಆದರೆ ನಾಲ್ಕು ಬೆರಳಾದರೂ ನೀರು ನೀರೇ ತಾನೇ. ಇಪ್ಪತ್ತು ವರ್ಷ ಕುಡಿದು ಕುಡಿದು ಅವಳ ಅಡುಗೆಮನೆಯ ಮಣ್ಣಿನ ಗೋಡೆ ಹೋದ ವರ್ಷ ಹೊಟ್ಟೆ ಬಿಟ್ಟಿತು. ಮಾಡಿನ ದೊಡ್ಡ ತೊಲೆ ನಿಂತಿದ್ದು ಅದೇ ಗೋಡೆಯ ಮೇಲೆ. ಗೋಡೆ ಕಟ್ಟುವ ಗೌಂಡಿ ಬಂದು ಬೆರಳಿನಿಂದ ಕೆದರಿ ನೋಡಿ, ಇನ್ನೊಂದು ನೆರೆ ತಡೆಯುವುದಿಲ್ಲ ಅಂದ. ಎರಡು ಬಿದಿರಿನ ಬಂಬು ಆನಿಸಿ ನಿಲ್ಲಿಸಿದೆವು. ಹೊಸ ಗೋಡೆ ಕಟ್ಟಿಸುವ ಶಕ್ತಿ ಅವಳಿಗೆಲ್ಲಿಂದ ಬರಬೇಕು? ಗುಡ್ಡದ ಮೇಲಿನ ಊರಲ್ಲಿ ಅವಳ ಅಕ್ಕ ಇದ್ದಾಳೆ. ಬಂದು ತನ್ನ ಮನೆಯಲ್ಲೇ ಇದ್ದುಬಿಡು, ನಿನ್ನ ಒಲೆ ಸಾಕು ಅಂತ ವರ್ಷದಿಂದ ಕರೆಯುತ್ತಿದ್ದಳು.

"ಗ್ವಾಡಿ ಬಿದ್ರ ಒಲಿ ಎಲ್ಲಿ ಹೂಡ್ಲಿ? ಒಲಿ ಇಲ್ಲಂದ್ರ ಈ ಊರಾಗ ನಂದೇನೈತಿ? ಅಕ್ಕನ ಮನ್ಯಾಗ ಕುಂತು ಆಕಿ ಸೊಸಿ ಮಾಡಿದ್ದು ಉಣ್ಣೂದು, ಅಷ್ಟ," ಎಂದಳು ಒಂದು ದಿನ, ಹಿಟ್ಟಿನ ಡಬ್ಬಿ ತಲೆಯ ಮೇಲೆ ಇಟ್ಟುಕೊಳ್ಳುತ್ತ. ನಗುತ್ತಲೇ ಹೇಳಿದಳು. ನನಗೆ ಮಾತ್ರ ಅವತ್ತು ಊಟ ಸೇರಲಿಲ್ಲ.

ಆಗ ಸರಿಯಾಗಿ ಬಂತು ಸರ್ಕಾರದ ಸುತ್ತೋಲೆ. ನೆರೆ ಬಾಧಿತ ಕುಟುಂಬಗಳಿಗೆ ಆರ್ಥಿಕ ನೆರವು. ನೀರು ನಿಂತಿರುವಾಗಲೇ ಕಂದಾಯ ನಿರೀಕ್ಷಕರು ಮನೆಮನೆಗೆ ಬಂದು ಟೇಪು ಹಿಡಿಯುತ್ತಾರೆ. ಒಂದೂವರೆ ಅಡಿಗಿಂತ ಕೆಳಗಿದ್ದರೆ ಏನೂ ಇಲ್ಲ. ಅದನ್ನು ದಾಟಿದರೆ ದುರಸ್ತಿಗೆ ಒಂದಿಷ್ಟು. ಮೂರಡಿ ದಾಟಿದರೆ ಗೋಡೆ, ಮಾಡು ಎಲ್ಲ ಹೊಸದಾಗಿ ಕಟ್ಟಿಕೊಳ್ಳಲು ಪೂರ್ತಿ ಪರಿಹಾರ. ಬರೆದವರು ಯಾವುದೋ ದೂರದ ಊರಿನಲ್ಲಿ ಫ್ಯಾನಿನ ಕೆಳಗೆ ಕೂತು ಬರೆದವರು, ಪಾಪ. ನೀರು ಎಲ್ಲ ಕಡೆ ಒಂದೇ ಕಾರಣಕ್ಕೆ ಏರುತ್ತದೆ ಎಂದು ಅವರು ತಿಳಿದಿದ್ದರೆ ತಪ್ಪೇನಿದೆ?

ಸುತ್ತೋಲೆಯನ್ನು ಪಂಚಾಯ್ತಿ ಗೋಡೆಗೆ ಅಂಟಿಸಿದ ದಿನದಿಂದ ನಮ್ಮೂರು ಬಾಯಿ ಮುಚ್ಚಿಕೊಂಡಿತು. ಅಂಥ ಊರನ್ನು ನಾನು ಕಂಡಿರಲಿಲ್ಲ. ಗಂಡ ಹೆಂಡತಿಗೆ ಹೇಳುವುದಿಲ್ಲ, ಸೊಸೆ ಅತ್ತೆಗೆ ಹೇಳುವುದಿಲ್ಲ, ಎಲ್ಲರೂ ಮೂರಡಿಗೆ ಕೂಡಿಡುತ್ತಿದ್ದರು. ಮಾಸ್ತರರು ಪರೀಕ್ಷೆಯ ಫಲಿತಾಂಶವನ್ನು ಮಕ್ಕಳಿಗೆ ಹೇಳದೆ ಟ್ರಂಕಿನಲ್ಲಿಟ್ಟು ಬೀಗ ಹಾಕಿದರು. ಕ್ಷೌರದ ಅಂಗಡಿಯ ಗುರುಬಾಳ, ಒಬ್ಬನ ಮೀಸೆ ಒಂದು ಕಡೆ ಗಿಡ್ಡವಾದದ್ದನ್ನು ಅವನಿಗೆ ಹೇಳದೆ ಕಳಿಸಿಬಿಟ್ಟ. ಆ ಬಡಪಾಯಿ ಹಾಗೇ ಹೋಗಿ ಹೆಣ್ಣು ನೋಡಿಬಂದ. ಕೆಲವರು ಇಲ್ಲದ ಗುಟ್ಟುಗಳನ್ನು ಹುಟ್ಟಿಸಿಕೊಳ್ಳಲು ನೋಡಿದರು. ಹಿಂದೆಯೂ ಯಾರೋ ಹಾಗೆ ಮಾಡಿದ್ದುಂಟು, ಹೊಳೆ ಅಂಥದ್ದಕ್ಕೆ ಮೋಸಹೋಗುವುದಿಲ್ಲ, ಮೂಲೆಯಲ್ಲಿ ಒಂದು ಹನಿ ಒಸರಿ ಸುಮ್ಮನಾಗುತ್ತದೆ. ಹಗುರ ವಾರ ಬಂತು, ಯಾರೂ ಯಾರ ಮನೆಗೂ ಹೋಗಲಿಲ್ಲ. ಕಿರಾಣಿ ಅಂಗಡಿಯವನು ತರಿಸಿದ್ದ ಬೆಲ್ಲಕ್ಕೆ ಇರುವೆ ಹತ್ತಿತು.

ಸಕ್ಕರೆವ್ವನಿಗೆ ಬೇಕಾದದ್ದು ಮೂರಡಿ. ಇದ್ದದ್ದು ನಾಲ್ಕು ಬೆರಳು. ನಾನು ಪಟ್ಟು ಹಿಡಿದು ಕೂತೆ, ಈ ಹೆಂಗಸಿಗೆ ಒಂದಾದರೂ ಗುಟ್ಟು ಕಲಿಸಲೇಬೇಕು ಎಂದು.

"ನೋಡು ಸಕ್ಕರೆವ್ವ, ನಾನೊಂದು ಮಾತು ಹೇಳ್ತೀನಿ. ಆಶ್ಲೇಷಾ ಮುಗಿಯೂ ತನಕ ಯಾರಿಗೂ ಹೇಳಬಾರದು."

"ಇಲ್ರಿ. ನನ್ನ ಒಲೀ ಆಣಿ."

ಚಹಾ ಅಂಗಡಿಯ ದಸ್ತಗೀರನ ಎಮ್ಮೆ ಹಟ್ಟಿಯ ಹಗ್ಗ ಹರಿದುಕೊಂಡು ಹೋಗಿ ಗೌಡರ ಹೊಲ ಮೇಯ್ದದ್ದನ್ನು ನಾನು ನೋಡಿದ್ದೆ. ಅದನ್ನು ಹೇಳಿದೆ. ಗೌಡರಿಗೆ ಸೇರಬೇಕಾದ ಮಾತು, ಅರ್ಧ ಅಡಿಯಾದರೂ ಬರುತ್ತದೆ ಎಂಬುದು ನನ್ನ ಅಂದಾಜು. ಸಕ್ಕರೆವ್ವ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡು ಮನೆಗೆ ಹೋದಳು. ಹತ್ತು ನಿಮಿಷಕ್ಕೆ ಗೌಡರ ದನಿ ದಸ್ತಗೀರನ ಅಂಗಡಿಯಲ್ಲಿ ಕೇಳಿಸಿತು. ಮಾಸ್ತರರೂ ಮರುಕಪಟ್ಟು, ಟ್ರಂಕಿನೊಳಗಿನ ಫಲಿತಾಂಶಗಳಲ್ಲಿ ಒಂದನ್ನು ಅವಳಿಗೆ ಹೇಳಿ ನೋಡಿದರು. ಸಂಜೆಯೊಳಗೆ ಆ ಹುಡುಗಿಯ ಮನೆಯಲ್ಲಿ ಪಾಯಸವಾಗಿ, ಸಕ್ಕರೆವ್ವ ನನಗೂ ಒಂದು ಬಟ್ಟಲು ತಂದುಕೊಟ್ಟಳು.

"ನಿನಗ ಮನಿ ಬೇಕೋ ಬ್ಯಾಡೋ?" ಎಂದು ಸಿಟ್ಟಿನಿಂದ ಕೇಳಿದೆ.

"ಬೇಕ್ರಿ. ಆದ್ರ ಆ ಹುಡುಗಿ ಮೂರು ದಿನದಿಂದ ಉಂಡಿದ್ದಿಲ್ಲ, ನಪಾಸ್ ಆಗೀನಿ ಅಂತ. ಪಾಸಾಗ್ಯಾಳ ಅಂತ ಗೊತ್ತಿದ್ದು ನಾ ಹೆಂಗ ಸುಮ್ನ ಕುಂಡ್ರಲಿ? ಮಾತು ಒಳಗ ಕುಂತ್ರ ನನಗ ಎದಿ ಉರೀತೈತ್ರಿ." ಪಾಯಸದ ಬಟ್ಟಲನ್ನು ನನ್ನ ಕೈಯಿಂದ ಕಿತ್ತುಕೊಂಡು, "ಬ್ಯಾಡಂದ್ರ ಬಿಡ್ರಿ," ಎಂದಳು. ನಾನು ಬಟ್ಟಲನ್ನು ವಾಪಸು ಇಸಿದುಕೊಂಡೆ, ಪಾಯಸ ಚೆನ್ನಾಗಿತ್ತು.

ಆಶ್ಲೇಷಾ ಹುಟ್ಟಿದ ಎರಡನೇ ದಿನ ಹೊಳೆ ಬಂತು. ಅದರ ಜೀವಮಾನದಲ್ಲೇ ಅಷ್ಟು ಉತ್ಸಾಹದಿಂದ ಮನೆಗಳೊಳಗೆ ನುಗ್ಗಿರಲಿಕ್ಕಿಲ್ಲ. ಮಾಸ್ತರರ ಮನೆಯಲ್ಲಿ ಎದೆಮಟ್ಟ. ಗುರುಬಾಳನ ಅಂಗಡಿಯಲ್ಲಿ ಕನ್ನಡಿಯ ಕೆಳಗಂಚು ಮುಳುಗಿತು. ದರ್ಜಿ ಪರಸಪ್ಪ ಮೂರಡಿ ದಾಟಿಸಿಕೊಂಡು, ಹೊಲಿಗೆ ಮೆಷೀನನ್ನು ಅಟ್ಟಕ್ಕೇರಿಸಿ, ತಾನೂ ಅದರ ಪಕ್ಕದಲ್ಲಿ ಕಾಲು ಇಳಿಬಿಟ್ಟು ಕೂತು ಬೀದಿಯವರಿಗೆಲ್ಲ ಕೈಬೀಸುತ್ತಿದ್ದ. ಊರಿಗೆ ಊರೇ ಅಟ್ಟಗಳ ಮೇಲೆ ಕೂತು ಚುರುಮುರಿ ತಿನ್ನುತ್ತ ಟೇಪಿನ ದಾರಿ ಕಾಯುತ್ತಿತ್ತು. ನನ್ನ ಮನೆ ಎಂದಿನಂತೆ ಒಣ. ಸಕ್ಕರೆವ್ವನ ಮನೆಯಲ್ಲಿ ಎಂದಿನಂತೆ ನಾಲ್ಕು ಬೆರಳು.

ಅದೇ ದಿನ ಮಧ್ಯಾಹ್ನ, ನಾಲ್ಕು ಬೆರಳು ನೀರಿನಲ್ಲಿ, ಅವಳ ಅಡುಗೆಮನೆಯ ಗೋಡೆ ಬಿತ್ತು. ಸದ್ದು ಜೋರಾಗೇನೂ ಬರಲಿಲ್ಲ, ದಣಿದವರು ಕೂತಹಾಗೆ ಕೂತುಬಿಟ್ಟಿತು. ತೊಲೆ ಒಂದು ಕಡೆ ಜಾರಿ ಬಂಬುಗಳ ಮೇಲೆ ನಿಂತಿತು. ಒಲೆ ಮಣ್ಣಿನಡಿ ಹೋಯಿತು. ನಾನು ಓಡಿಹೋಗುವಷ್ಟರಲ್ಲಿ ಅವಳು ಬೀದಿಯಲ್ಲಿ ಮೊಣಕಾಲು ನೀರಿನಲ್ಲಿ ನಿಂತು, ರೊಟ್ಟಿಯ ಹಂಚನ್ನು ಎದೆಗೆ ಅವಚಿಕೊಂಡಿದ್ದಳು.  ಸಕ್ಕರೆವ್ವ ಮಾತಾಡದೆ ನಿಂತದ್ದನ್ನು ನಾನು ಕಂಡದ್ದು ಅವತ್ತೇ ಮೊದಲು.

ಮರುದಿನ ಬೆಳಿಗ್ಗೆ ಕಂದಾಯ ನಿರೀಕ್ಷಕರು ಬಂದರು. ವಾರಿಜಾ ಮೇಡಂ, ನಮ್ಮ ಕಡೆಗೆ ಹೊಸಬರು. ಪ್ಯಾಂಟು ಮಡಚಿ, ಕಡತವನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ, ಟೇಪನ್ನು ಕೊರಳಿಗೆ ಹಾಕಿಕೊಂಡು ಮನೆಮನೆ ಹೊಕ್ಕರು. ಪ್ರತಿ ಮನೆಯಲ್ಲಿ ಅಳತೆ ಬದಲಾಗುವುದನ್ನು ನೋಡಿ ಮೊದಲು ಟೇಪನ್ನೇ ಅನುಮಾನಿಸಿದರು, ಆಮೇಲೆ ತಮ್ಮ ಕಣ್ಣನ್ನು, ಕೊನೆಗೆ ಯಾವುದನ್ನೂ ಅನುಮಾನಿಸದೆ ಬರೆದುಕೊಳ್ಳತೊಡಗಿದರು. ಆ ಕಾರಣಕ್ಕೇ ನನಗೆ ಆಕೆ ಇಷ್ಟವಾದರು. ಸಾಕ್ಷಿಗೆ ಇಬ್ಬರು ಪಂಚರು ಬೇಕೆಂದಾಗ ನಾನೂ ದಸ್ತಗೀರನೂ ನಿಂತೆವು. ಎಮ್ಮೆಯ ವಿಷಯ ಹೊರಬಿದ್ದದ್ದಕ್ಕೆ ದಸ್ತಗೀರ ನನ್ನ ಮೇಲೆ ಮುನಿಸಿಕೊಂಡಿದ್ದ, ಆದರೂ ಸಕ್ಕರೆವ್ವನ ಮನೆಯೆಂದ ಮೇಲೆ ಬಂದ.

ಮೇಡಂ ಅವಳ ಪಡಸಾಲೆಯಲ್ಲಿ ಟೇಪು ಹಿಡಿದರು. ಬಿದ್ದ ಗೋಡೆ ನೋಡಿದರು. ಮತ್ತೆ ಟೇಪು ಹಿಡಿದರು.

"ಮೂರು ಇಂಚು, ಅಷ್ಟೇ. ಗೋಡೆ ಬಿದ್ದಿರೋದು ಕಾಣ್ತಾ ಇದೆ ಅಮ್ಮಾ. ಆದರೆ ನಾನು ಟೇಪು ಹೇಳಿದ್ದನ್ನ ಮಾತ್ರ ಬರೀಬಹುದು."

"ಮೇಡಂ, ಮ್ಯಾಲೆ ಅಟ್ಟದಾಗ ಚುರುಮುರಿ ತಿನ್ನವರಿಗೆಲ್ಲಾ ಪರಿಹಾರ ಬರತೈತಿ, ಗ್ವಾಡಿ ಬಿದ್ದಾಕಿಗೆ ಇಲ್ಲಂದ್ರ ಯಾವ ನ್ಯಾಯ ಇದು?" ಎಂದು ನಾನು ದನಿ ಎತ್ತಿದೆ. ಗುಡಿಯಲ್ಲಿ ಎತ್ತುವಷ್ಟೇ ಎತ್ತಿದೆ. ಬಾಗಿಲ ಹೊರಗೆ ಜನ ಸೇರಿದರು.

ಮೇಡಂ ಸಿಟ್ಟಾಗಲಿಲ್ಲ. ಗೋಡೆಗೆ ಒರಗಿ ಸುತ್ತೋಲೆಯನ್ನು ಮೊದಲಿನಿಂದ ಓದುತ್ತ ಹೋದರು. ಎಲ್ಲಕ್ಕಿಂತ ಕೊನೆಯಲ್ಲಿ, ಸಣ್ಣ ಅಕ್ಷರದಲ್ಲಿ, ಒಂದು ಸಾಲು ಸಿಕ್ಕಿತು. ಅದನ್ನು ಗಟ್ಟಿಯಾಗಿ ಓದಿದರು: ನೀರಿನ ಎತ್ತರ ಕಡಿಮೆಯಿದ್ದರೂ, ಅನೇಕ ವರ್ಷ ಒಂದೇ ಮಟ್ಟದಲ್ಲಿ ನಿಂತ ನೀರಿನಿಂದ ಗೋಡೆ ಬಿದ್ದಿದ್ದಲ್ಲಿ, ಹಾಗೆ ನೀರು ನಿಲ್ಲಲು ಕಾರಣವನ್ನು ಮನೆಯವರು ಇಬ್ಬರು ಪಂಚರ ಎದುರು ಹೇಳಿ ಬರೆಯಿಸಿದರೆ, ಪೂರ್ಣ ಪರಿಹಾರ.

ನಾನು ಕುಣಿಯುವುದೊಂದು ಬಾಕಿ. "ಹೊಳೆಯ ಪಾಲು ಅಂತ ಬರೀರಿ!"

"ಅದು ಕಾರಣ ಆಗಲ್ಲ. ಈಕೆ ಹೇಳ್ಬೇಕು," ಎಂದರು ಮೇಡಂ. "ಅಮ್ಮಾ, ಈ ನೀರು ಯಾಕೆ ನಿಲ್ಲುತ್ತೆ ಅಂತ ನಿಮಗೆ ಗೊತ್ತಾ?"

ಸಕ್ಕರೆವ್ವ ನನ್ನ ಕಡೆ ನೋಡಿದಳು. ಕೂಡಲೇ ಬೇರೆ ಕಡೆ ನೋಡಿದಳು. "ಗೊತ್ತೈತ್ರಿ."

"ಹಾಗಾದ್ರೆ ಹೇಳಿ, ಬರ್ಕೋತೀನಿ."

"ಪಂಚರನ್ನ ಬದಲ ಮಾಡಾಕ ಬರತೈತೇನ್ರಿ? ಇವರ ಬದ್ಲಿಗೆ ಗೌಡರು ಬರಲಿ. ಇವರು ಸ್ವಲ್ಪ ಹೊರಗ ನಿಂದ್ರಲಿ."

ಇವರು ಅಂದರೆ ನಾನು. ನನಗೆ ಮೈಯೆಲ್ಲ ಉರಿಯಿತು. ಬಂಬು ಆನಿಸಿದವನು ನಾನು, ಪಂಚಾಯ್ತಿಗೆ ಹತ್ತು ಸಲ ಅಲೆದವನು ನಾನು, ಗುಟ್ಟು ಕಲಿಸಲು ಹೋಗಿ ದಸ್ತಗೀರನ ವೈರ ಕಟ್ಟಿಕೊಂಡವನು ನಾನು. ನನ್ನ ಎದುರು ಹೇಳಲಾಗದ್ದು ಗೌಡರ ಎದುರು ಏನಿದೆ? ಮೇಡಂ ಮಾತ್ರ ಆಗುವುದಿಲ್ಲ ಎಂದು ತಲೆಯಾಡಿಸಿದರು. ಪಂಚರ ಹೆಸರು ಆಗಲೇ ಬರೆದಾಗಿತ್ತು, ಹೊಡೆದುಹಾಕಿದರೆ ಅರ್ಜಿ ರದ್ದಾಗುತ್ತದೆ.

ಸಕ್ಕರೆವ್ವ ಬಿದ್ದ ಗೋಡೆಯನ್ನು ನೋಡಿದಳು. ಒಲೆ ಇದ್ದ ಜಾಗ ನೋಡಿದಳು. ಸೆರಗಿನಿಂದ ಮುಖ ಒರೆಸಿಕೊಂಡು ಹೇಳಿದಳು, "ಬ್ಯಾಡ ಬಿಡ್ರಿ ಮೇಡಂ. ನಿಮ್ಮ ಪರಿಹಾರ ಬ್ಯಾಡ. ನೀರು ಇಳಿದ ಮ್ಯಾಲ ನಾನು ಅಕ್ಕನ ಮನಿಗೆ ಹೋಗ್ತೀನಿ."

 ನಾನು ಹೊರಗೆ ನಿಂತ ಒಬ್ಬೊಬ್ಬರ ಮುಖ ನೋಡಿದೆ. ಗುರುಬಾಳ ಆಕಾಶ ನೋಡಿದ. ಮಾಸ್ತರರು ತಮ್ಮ ಉಗುರು ನೋಡಿಕೊಂಡರು. ನನ್ನ ಪಕ್ಕದಲ್ಲೇ ನಿಂತ ದಸ್ತಗೀರ ನನ್ನ ಪಾದ ನೋಡುತ್ತಿದ್ದ. ಎಲ್ಲರಿಗೂ ಗೊತ್ತಿತ್ತು. ನನಗೊಬ್ಬನಿಗೆ ಗೊತ್ತಿರಲಿಲ್ಲ. ಹತ್ತು ನಿಮಿಷ ಒಂದು ಮಾತು ಹಿಡಿದಿಡಲಾಗದ ಹೆಂಗಸು ಇದೊಂದನ್ನು ಇಪ್ಪತ್ತು ವರ್ಷ ಹಿಡಿದಿದ್ದಳು, ಈಗ ಮನೆ ಬಿಟ್ಟು ಹೋಗುತ್ತೇನೆ ಅನ್ನುತ್ತಿದ್ದಾಳೆ, ಹೇಳುತ್ತೇನೆ ಅನ್ನುತ್ತಿಲ್ಲ.

"ಸಕ್ಕರೆವ್ವ," ಎಂದೆ, "ಅದು ನನಗ ಸೇರಬೇಕಾದ ಮಾತೇನು?"

ಅವಳು ಹೌದೆಂದು ತಲೆ ಆಡಿಸಿದಳು.

"ಹಂಗಾದ್ರ ನಂದು ನನಗ ಕೊಡು. ಮನೀ ಬೀಳಿಸ್ಕೊಂಡು ಅದನ್ನ ಯಾಕ ಕಾಯ್ತಿ?"

ಸಕ್ಕರೆವ್ವ ಹಿಂದಿನ ದಿನದಿಂದ ಕೈಬಿಡದ ಹಂಚನ್ನು ಇನ್ನೂ ಬಿಗಿಯಾಗಿ ಹಿಡಿದುಕೊಂಡಳು. ಕಣ್ಣು ಮುಚ್ಚಿದಳು.

"ನಿಮಗ ಹಾಡಾಕ ಬರೂದಿಲ್ರಿ."

ಬಾಗಿಲ ಹೊರಗೆ ಯಾರೋ "ಅಬ್ಬಾ" ಅಂದರು. ಬಹಳ ಹೊತ್ತು ಹೊತ್ತ ಮೂಟೆ ಇಳಿಸಿದವರು ಅನ್ನುವ ಹಾಗೆ ಅಂದರು. ನನ್ನ ಪಾದದ ಸುತ್ತ ನೀರು ಮೆಲ್ಲಗೆ ಅಲುಗಾಡಿತು. ನಾವು ನೋಡುತ್ತಿದ್ದ ಹಾಗೆಯೇ ಹಿಂದೆ ಸರಿಯಿತು, ಹೊಸ್ತಿಲ ತನಕ ಹೋಯಿತು, ಹೊಸ್ತಿಲು ದಾಟಿ ಬೀದಿಗೆ ಇಳಿಯಿತು. ಇಪ್ಪತ್ತು ವರ್ಷದಲ್ಲಿ ಮೊದಲ ಸಲ ನೆರೆಯ ದಿನ ಸಕ್ಕರೆವ್ವನ ಮನೆಯ ನೆಲ ಕಂಡಿತು. ಅಷ್ಟರಲ್ಲಿ ಬೀದಿಯುದ್ದಕ್ಕೂ ಗದ್ದಲ. ಅಟ್ಟದ ಮೇಲೆ ಕೂತಿದ್ದವರೆಲ್ಲ ಕೂಗುತ್ತಿದ್ದರು, ಎಲ್ಲರ ಮನೆಯಲ್ಲೂ ಒಟ್ಟಿಗೇ ನಾಲ್ಕು ಬೆರಳು ನೀರು ಇಳಿದಿತ್ತು. ದರ್ಜಿ ಪರಸಪ್ಪ ಮೂರಡಿಗೆ ಸರಿಯಾಗಿ ಎರಡು ಬೆರಳು ಮೇಲಿಟ್ಟುಕೊಂಡಿದ್ದವನು. ಅಟ್ಟದಿಂದ ಧುಮುಕಿ ನೀರಿನಲ್ಲಿ ಬಿದ್ದು ಎದ್ದು ಬಂದ. "ಯಾರು ಹೇಳಿದ್ರು? ಇನ್ನೂ ನನ್ನ ಮನಿ ಅಳತಿ ಆಗಿಲ್ಲ! ಒಂದು ತಾಸು ತಡೀಲಿಕ್ಕೆ ಏನಾಗಿತ್ತು?"

ನನಗೆ ಅದೊಂದೂ ಕಿವಿಗೆ ಬೀಳುತ್ತಿರಲಿಲ್ಲ.

"ಸ್ವಲ್ಪ ಅಪಸ್ವರ ಅಂತೀಯೇನು?" ಎಂದು ಕೇಳಿದೆ, ಸಣ್ಣ ದನಿಯಲ್ಲಿ.

"ಸ್ವಲ್ಪ ಅಲ್ರಿ ದುಂಡಪ್ಪನವರ," ಎಂದ ದಸ್ತಗೀರ. ಇಪ್ಪತ್ತು ವರ್ಷದ್ದು ಒಟ್ಟಿಗೇ ಬಂತು ಅವನ ಬಾಯಿಂದ. "ನೀವು ಮ್ಯಾಲೆ ಹೋದ್ರ ನನ್ನ ಎಮ್ಮಿ ಹಗ್ಗ ಹರೀತೈತ್ರಿ. ಅವತ್ತು ಗೌಡರ ಹೊಲಕ್ಕ ಅದು ಸುಮ್ನ ಹೋಗಿದ್ದಿಲ್ಲ. ಶನಿವಾರ ಇತ್ತು."

ನನಗೆ ಕೂತುಕೊಳ್ಳಬೇಕೆನಿಸಿತು. ಒಣಗಿದ ನೆಲ ಇತ್ತು, ಕೂತೆ. ಅವಮಾನವಾಯಿತು, ಸುಳ್ಳು ಹೇಳುವುದಿಲ್ಲ. ಪಾರಿವಾಳಗಳು, ಕಚ್ಚಿದ ತುಟಿಗಳು, ತಗ್ಗಿಸಿದ ತಲೆಗಳು ಒಂದೊಂದೇ ಕಣ್ಣ ಮುಂದೆ ಬಂದವು. ಚಾಪೆ ಹಾಸಿ ಬಾಗಿಲು ತೆರೆದು ಕೂತ ನನ್ನ ಗರ್ವವೂ ಬಂತು. ಊರಿನವರೆಲ್ಲ ಪ್ರತಿ ವರ್ಷ ನನ್ನ ಸಲುವಾಗಿ ನೆಲ ಒರೆಸುತ್ತಿದ್ದರು, ನಾನು ಅವರಿಗೆ ನನ್ನ ನೆಲ ತೋರಿಸುತ್ತಿದ್ದೆ.

"ಇಪ್ಪತ್ತು ವರ್ಷ. ಒಂದು ಹಗುರ ವಾರದಾಗರ ಹೇಳಬಹುದಿತ್ತಲ್ಲ?"

ಸಕ್ಕರೆವ್ವ ನನ್ನ ಎದುರು ಕುಕ್ಕರುಗಾಲಲ್ಲಿ ಕೂತಳು. "ಇಂದ್ರವ್ವ ಹೋದ ಮ್ಯಾಲ ಎಂಟು ತಿಂಗಳು ನೀವು ಒಂದು ಮಾತು ಆಡ್ಲಿಲ್ಲ. ಜ್ವಾಳ ತಂದ್ರ ಬೀಸ್ತಿದ್ರಿ, ಹಿಟ್ಟು ಕೊಡ್ತಿದ್ರಿ, ಬಾಯಿ ಮಾತ್ರ ಹೊಲಿದಂಗಿತ್ತು. ಈ ಮನಷಾ ಹಿಂಗ ಹೋಗಿಬಿಡ್ತಾನ ಅಂತ ಊರಾಗೆಲ್ಲಾ ಮಾತಿತ್ತು. ಒಂದು ಶನಿವಾರ ಗುಡಿಗೆ ಬಂದು ಕುಂತು, ಯಾರೂ ಹಾಡಂತ ಕೇಳದಿದ್ರೂ, ಹಾಡಾಕ ಹತ್ತಿದ್ರಿ. ಎಂಥಾ ಕೆಟ್ಟ ದನಿ ಅಂತೀನಿ! ನಾವೆಲ್ಲಾ ಕಣ್ಣೀರು ಹಾಕಿದ್ವಿ, ನೀವು ಬಾಯಿ ಬಿಟ್ರಲ್ಲಾ ಅಂತ. ಅದಕ್ಕ ಚಲೋ ಇಲ್ಲ ಅಂತ ಯಾರು ಹೇಳ್ಬೇಕ್ರಿ? ನಾಲ್ಕು ಬೆರಳು ನೀರು ತಾನ, ಒರಸ್ಕೊಂಡ್ರಾತು ಅಂತ ಎಲ್ಲಾರೂ ಸುಮ್ನಾದ್ವಿ."

ನಾನು ಅತ್ತೆ. ಅಷ್ಟು ಜನರ ಎದುರು, ಪಂಚನಾಗಿ ಬಂದವನು, ನೆಲದ ಮೇಲೆ ಕೂತು ಅತ್ತೆ. ಅಳುತ್ತಲೇ ನನಗೆ ನಗು ಬಂತು, ಎಮ್ಮೆಯನ್ನು ನೆನೆದು. ನಾನು ನಕ್ಕದ್ದೇ ತಡ, ಊರಿನವರೂ ನಕ್ಕರು. ಪಾಪ, ಇಪ್ಪತ್ತು ವರ್ಷ ತಡೆದ ನಗು, ಬೇಗ ನಿಲ್ಲಲಿಲ್ಲ. ಪರಸಪ್ಪ ಕೂಡ ಒದ್ದೆ ಬಟ್ಟೆಯಲ್ಲೇ ನಕ್ಕ.

ವಾರಿಜಾ ಮೇಡಂ ಪೆನ್ನು ಹಿಡಿದು ನಿಂತೇ ಇದ್ದರು. "ಕಾರಣ ಅಂತ ಏನು ಬರೀಲಿ?" ಎಂದು ಸಂಕೋಚದಿಂದ ಕೇಳಿದರು.

"ಗಿರಣಿ ದುಂಡಪ್ಪನ ಭಜನೆ, ಇಪ್ಪತ್ತು ವರ್ಷ. ಹಂಗ ಬರೀರಿ," ಎಂದೆ. ಎದ್ದು ಮೊದಲನೆಯ ಪಂಚನ ಜಾಗದಲ್ಲಿ ಸಹಿ ಹಾಕಿದೆ. ದಸ್ತಗೀರ ಕೆಳಗೆ ಹಾಕಿದ. ಹಾಕುವ ಮುಂಚೆ ಎರಡು ಸಲ ಓದಿ ಖುಷಿಪಟ್ಟ.

ಅಳತೆ ಮುಗಿದು ಮೇಡಂ ಊರು ಬಿಡುವುದನ್ನೇ ಕಾಯುತ್ತಿದ್ದ ಜನ, ಅಟ್ಟದಿಂದ ಇಳಿದು ಮನೆಮನೆಗೆ ಓಡಿದರು. ಒಂದು ವಾರದ ಕೆಲಸ ಒಂದು ಮಧ್ಯಾಹ್ನದಲ್ಲಿ ಆಗಬೇಕಿತ್ತು. ಗುರುಬಾಳ ಮೀಸೆಯವನನ್ನು ಹುಡುಕಿಕೊಂಡು ಹೋಗಿ ತಪ್ಪೊಪ್ಪಿಕೊಂಡ. ಮೀಸೆಯವನು, ಹುಡುಗಿ ಅದನ್ನು ನೋಡಿ ನಕ್ಕೇ ತನ್ನನ್ನು ಒಪ್ಪಿದಳೆಂದು ಹೇಳಿ, ತಾನೇ ಬೆಲ್ಲ ತಿನ್ನಿಸಿದ. ಕಿರಾಣಿ ಅಂಗಡಿಯವನು ಇರುವೆ ಝಾಡಿಸಿ ಝಾಡಿಸಿ ಬೆಲ್ಲ ಕೊಟ್ಟ. ಪರಸಪ್ಪನಿಗೆ ಮೂರಡಿಯದು ತಪ್ಪಿ ದುರಸ್ತಿಯದ್ದೇ ಸಿಕ್ಕಿತು. ಇವತ್ತಿಗೂ ನನ್ನ ಅಂಗಿ ಹೊಲಿಯುವಾಗ ಒಂದು ತೋಳು ಎರಡು ಬೆರಳು ಗಿಡ್ಡ ಮಾಡುತ್ತಾನೆ. ನಾನು ಏನೂ ಅನ್ನುವುದಿಲ್ಲ.

ಸಕ್ಕರೆವ್ವನಿಗೆ ಪೂರ್ತಿ ಪರಿಹಾರ ಮಂಜೂರಾಯಿತು. ದಸರಾ ಹೊತ್ತಿಗೆ ಇಟ್ಟಿಗೆ ಬಂತು, ದೀಪಾವಳಿಗೆ ಗೋಡೆ ಎದ್ದಿತು, ತೊಲೆ ನೆಟ್ಟಗೆ ನಿಂತಿತು. ಹೊಸ ಒಲೆಯ ಮೊದಲ ರೊಟ್ಟಿಯನ್ನು ಗಿರಣಿಗೆ ತಂದು ನನ್ನ ಕೈಗೆ ಕೊಟ್ಟಳು. ಅಕ್ಕನಿಗೆ ಬರುವುದಿಲ್ಲ ಎಂದು ಕಾಗದ ಬರೆಸಿದಳು. ನಾನು ಭಜನೆಯಲ್ಲಿ ಹಿಂದಿನ ಸಾಲಿಗೆ ಹೋಗಿ ತಾಳ ಹಿಡಿದೆ. ಮಾಸ್ತರರ ಮಗಳು ಹಾಡುತ್ತಾಳೆ, ಚೆನ್ನಾಗಿ ಹಾಡುತ್ತಾಳೆ. ಪಾರಿವಾಳಗಳು ಈಗ ಗುಡಿಯಲ್ಲೇ ಇರುತ್ತವೆ.

ಮುಂದಿನ ವರ್ಷ ಸರ್ಕಾರ ಏನು ಸುತ್ತೋಲೆ ಹೊರಡಿಸಿತೋ ಯಾರೂ ಓದಲಿಲ್ಲ. ಹಗುರ ವಾರ ಮೊದಲಿನ ಹಾಗೆ ನಡೆಯಿತು. ಆಶ್ಲೇಷಾ ಬಂತು, ಹೊಳೆ ಬಂತು. ಊರಿನ ಎಲ್ಲ ಮನೆಯ ನೆಲವೂ ಒಣಗಿತ್ತು. ಒಂದು ಮನೆ ಬಿಟ್ಟು. ನನ್ನ ಮನೆಯಲ್ಲಿ ನಾಲ್ಕು ಬೆರಳು ನೀರು ನಿಂತಿತ್ತು.

ನಾನು ಮಂಚದ ಮೇಲೆ ಕಾಲು ಮಡಚಿಕೊಂಡು ಎರಡು ದಿನ ಕೂತೆ. ಬಾಗಿಲು ಹಾಕಿಕೊಂಡಿದ್ದೆ, ಆದರೂ ಬೀದಿಯಲ್ಲಿ ಹೋಗುವವರು ಕಿಟಕಿಯಿಂದ ಇಣುಕಿ ನೋಡಿ, ಮುಸಿಮುಸಿ ನಗುತ್ತ ಮುಂದೆ ಹೋಗುತ್ತಿದ್ದರು. ಅದು ಯಾರಿಗೆ ಸೇರಬೇಕಾದ ಮಾತೆಂದು ನನಗೆ ಚೆನ್ನಾಗಿ ಗೊತ್ತಿತ್ತು. ಅವಳು ಅಕ್ಕನ ಮನೆಗೆ ಹೋಗುತ್ತೇನೆ ಅಂದ ದಿನವೇ ಗೊತ್ತಾಗಿತ್ತು. ಐವತ್ತಾರು ವರ್ಷದವನು ಇಂಥ ಮಾತನ್ನು ಯಾವ ಮುಖ ಇಟ್ಟುಕೊಂಡು ಹೇಳಬೇಕು ಎಂದು ಸುಮ್ಮನಿದ್ದೆ. ಮೂರನೆಯ ದಿನ ಬೆಳಿಗ್ಗೆ ಆರಕ್ಕೆ ಎದುರು ಮನೆಯಿಂದ ರೊಟ್ಟಿ ಬಡಿಯುವ ಸದ್ದು ಬಂತು. ಎದ್ದೆ. ಧೋತರ ಎತ್ತಿ ಕಟ್ಟಿ, ಬೀದಿಯ ಮೊಣಕಾಲು ನೀರು ದಾಟಿ ಅವಳ ಅಡುಗೆಮನೆಯ ಬಾಗಿಲಿಗೆ ಹೋಗಿ ನಿಂತೆ.

ಬೇರೆ ಮಾತಿನಿಂದ ಶುರುಮಾಡಬೇಕೆಂದುಕೊಂಡು ಹೋಗಿದ್ದೆ. ಬಾಯಿಗೆ ಬಂದದ್ದು ಅದೊಂದೇ.

"ಸಕ್ಕರೆವ್ವ, ನೀ ಈ ಊರು ಬಿಟ್ಟು ಹೋಗಿದ್ರ ನಾ ಮತ್ತ ಮಾತು ಬಿಡ್ತಿದ್ದೆ. ನಮ್ಮಿಬ್ಬರಿಗೂ ಒಂದ ಒಲಿ ಸಾಕು ಅನಸ್ತೈತಿ ನನಗ."

ಅವಳು ಬಡಿಯುವ ಕೈ ನಿಲ್ಲಿಸಲಿಲ್ಲ. ರೊಟ್ಟಿಯನ್ನು ಹಂಚಿಗೆ ಹಾಕಿ, ನೀರು ಸವರಿ, ಒಲೆಯ ಪಕ್ಕದ ಡಬ್ಬಿಯಿಂದ ಒಂದು ಚೂರು ಬೆಲ್ಲ ತೆಗೆದು ನನ್ನ ಬಾಯಿಗೆ ಹಾಕಿದಳು.

"ಮೂರು ದಿನದಿಂದ ತಗದ ಇಟ್ಟೀನ್ರಿ. ನೀವು ಇದನ್ನ ಹೇಳ್ತೀರಿ ಅಂತ ಊರಿಗೆಲ್ಲಾ ಹೇಳೀನಿ. ದಸ್ತಗೀರಗ, ಗೌಡರಿಗೆ, ಮಾಸ್ತರಿಗೆ, ನಮ್ಮ ಅಕ್ಕಗೂ ಕಾಗದ ಹಾಕ್ಸೀನಿ. ನಿಮಗೊಬ್ಬರಿಗೆ ಹೇಳ್ಲಿಲ್ಲ, ಅದು ನೀವ ಹೇಳಬೇಕಾದ ಮಾತಾಗಿತ್ತು."

ನಾನು ಬೆಲ್ಲ ಚಪ್ಪರಿಸುತ್ತ ನಿಂತೆ.  ಅವಳು ಹೊಸ ಗೋಡೆಯ ಮೇಲೆ ಹಿಟ್ಟಿನ ಕೈಯಿಂದ ಎರಡು ಸಲ ತಟ್ಟಿದಳು.

"ಬೇಕಾದ್ರ ಈಗ ಹಾಡ್ರಿ. ಗ್ವಾಡಿ ಈಗ ಇಟ್ಟಿಗೀದೈತಿ, ಬೀಳಂಗಿಲ್ಲ."

ಹಾಡಿದೆ. ಎರಡು ಸಾಲು ಆಗುವಷ್ಟರಲ್ಲಿ ಬೀದಿಯ ಆ ತುದಿಯಿಂದ ದಸ್ತಗೀರ "ಎಮ್ಮಿ! ಎಮ್ಮಿ!" ಎಂದು ಕೂಗಿದ. "ಸಾಕ್ರಿ, ಕೆಟ್ಟೈತಿ," ಎಂದಳು ಸಕ್ಕರೆವ್ವ, ನಗುತ್ತ, ಬಾಯ್ತುಂಬ. ಆ ಹೊತ್ತಿಗೆ ನನ್ನ ಮನೆಯ ನೆಲ ಒಣಗಿತ್ತು.